ಬಲಗಿವಿ ಮನೆಗೆ, ಎಡಗಿವಿ ಪಾಠಕ್ಕೆ

ಕೋವಿಡ್ ಗಲಾಟೆ ಮುಗಿದು ಎರಡನೆಯ ವರ್ಷ. ನಾನಾಗ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯಿಂದ ಕೂಗಳತೆ ದೂರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಆಡಿಯಾಲಜಿಸ್ಟ್ ಎಂದರೆ ಕಿವಿಯ ಡಾಕ್ಟರ್ ಅಲ್ಲ. ಔಷಧಿ, ಆಪರೇಷನ್ ಎಲ್ಲ ಇಎನ್‌ಟಿ ಡಾಕ್ಟರ ಪಾಲು. ಯಾರಿಗೆ ಯಾವ ಸದ್ದು ಎಷ್ಟು ಕೇಳಿಸುತ್ತದೆ ಎಂದು ದರ್ಜಿಯಂತೆ ಅಳತೆ ತೆಗೆದು ಬರೆದುಕೊಡುವುದು ನಮ್ಮ ಕೆಲಸ. ಆ ವರ್ಷ ನನ್ನ ಅಳತೆಯೊಂದು ತಪ್ಪಿತು. ಯಂತ್ರದ ತಪ್ಪಲ್ಲ, ನನ್ನದೇ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ನಮ್ಮ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಹೊರಗೆ ಕೋಳಿ ಸಾಗಿಸುವ ಟೆಂಪೊಗಳು, ಹೂವಿನವರ ಕೂಗು, ಬಸ್ ಸ್ಟ್ಯಾಂಡಿನ ಹಾರ್ನು. ಒಳಗೆ ಎರಡು ಬೀರು ಜೋಡಿಸಿಟ್ಟಷ್ಟು ದೊಡ್ಡದಾದ, ದಪ್ಪ ಬಾಗಿಲಿನ ಒಂದು ಬೂತ್. ಅದರೊಳಗೆ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಕಿವಿಗೆ ಸಣ್ಣ ಸಣ್ಣ ಸದ್ದು ಕಳಿಸುತ್ತೇವೆ. ಕೇಳಿಸಿದ ಕೂಡಲೇ ಅವರು ಗುಂಡಿ ಒತ್ತಬೇಕು. ಎಷ್ಟು ಮೆಲ್ಲಗಿನ ಸದ್ದಿನವರೆಗೆ ಒತ್ತುತ್ತಾರೋ ಅದನ್ನು ಗ್ರಾಫಿನ ಮೇಲೆ ಗುರುತು ಹಾಕಿದರೆ ಅದೇ ಆಡಿಯೋಗ್ರಾಂ. ಸದ್ದಿನ ಜೋರನ್ನು ಡೆಸಿಬಲ್‌ನಲ್ಲಿ, ಅದು ಎಷ್ಟು ಕೀರಲು ಎಂಬುದನ್ನು ಹರ್ಟ್ಸ್‌ನಲ್ಲಿ ಹೇಳುತ್ತೇವೆ. ಇಪ್ಪತ್ತು ಡೆಸಿಬಲ್ ಒಳಗಿನ ಸದ್ದು ಕೇಳಿಸಿದರೆ ಕಿವಿ ಚೆನ್ನಾಗಿದೆ. ಅಂಕಿ ಏರಿದಷ್ಟೂ ಗ್ರಾಫಿನ ಗೆರೆ ಕೆಳಗಿಳಿಯುತ್ತದೆ, ಕೇಳುವ ಶಕ್ತಿ ಇಳಿದಿದೆ ಎಂದು ಅರ್ಥ.

ಬೂತಿಗೆ ಕಳಿಸುವ ಮೊದಲು ಒಂದು ಫಾರಂ ತುಂಬಿಸುತ್ತಿದ್ದೆವು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ವಾಕ್‌ಮನ್ ಕಾಲದಲ್ಲಿ, ನಾನೇ ಬರೆದದ್ದು. ಕಿವಿ ಸೋರಿತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ, ಕಾರ್ಖಾನೆಯ ಕೆಲಸವೇ, ಪಟಾಕಿ ಹತ್ತಿರ ಸಿಡಿದಿತ್ತೇ ಎಂದೆಲ್ಲ ಕೇಳಿ, ಹನ್ನೊಂದನೆಯದಾಗಿ ‘ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತೀರಾ? ದಿನಕ್ಕೆ ಎಷ್ಟು ಹೊತ್ತು?’ ಎಂದಿತ್ತು. ಆ ಕಾಲಕ್ಕೆ ಇಂಥ ಪ್ರಶ್ನೆ ಕೇಳುವವರೇ ಕಡಿಮೆ. ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ. ತರಬೇತಿಗೆ ಬರುವ ಹುಡುಗಿಯರಿಗೆ ತೋರಿಸಿ, ನೋಡಿ, ಎಷ್ಟು ಮುಂದಾಲೋಚನೆ ಇತ್ತು ನಿಮ್ಮ ಮೇಡಂಗೆ ಎಂದು ಹೇಳಿಕೊಂಡದ್ದೂ ಉಂಟು.

ಜೂನ್ ತಿಂಗಳ ಒಂದು ಮಂಗಳವಾರ ಕಗ್ಗದಾಸಪುರದಿಂದ ಇಬ್ಬರು ಬಂದರು. ಚೈತ್ರಾ ಎಂಬ ಇಪ್ಪತ್ಮೂರು ವರ್ಷದ ಹುಡುಗಿ, ಜೊತೆಗೆ ಅವಳ ಅಜ್ಜಿ ಮುನಿಲಕ್ಷ್ಮಮ್ಮ. ಕಗ್ಗದಾಸಪುರ ಊರಾಗಿದ್ದಾಗಿನ ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಮನೆ, ಅದರಲ್ಲಿ ಹನ್ನೆರಡು ಬಾಡಿಗೆ ಸಂಸಾರ. ಅಜ್ಜಿ ಮಾತ್ರ ಇನ್ನೂ ಹೊಲದ ಬದುವಿನ ಮೇಲೆ ನಿಂತು ಕರೆಯುವವರ ಹಾಗೆಯೇ ಮಾತನಾಡುತ್ತಿದ್ದರು. ಅವರ ದನಿಗೆ ನಮ್ಮ ಬೂತಿನ ಬಾಗಿಲೂ ತಡೆಯಾಗಲಿಲ್ಲ.

‘ಇದ್ಯಾಕ್ ತಾಯಿ ಮಗೀನ ಗೂಡೊಳಕ್ ಕೂರಿಸ್ತೀರಿ? ಹೆದರ್ಕೊಳ್ಳಲ್ವಾ?’

‘ಸುಮ್ನಿರು ಅಜ್ಜಿ. ನಂಗಲ್ಲ, ನಿಂಗೇ ಭಯ’ ಎಂದಳು ಚೈತ್ರಾ.

ಹುಡುಗಿ ಬಂದದ್ದು ಎರಡು ಕಾರಣಕ್ಕೆ. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕರೆ ತೆಗೆದುಕೊಳ್ಳುವ ಕೆಲಸಕ್ಕೆ ಅವಳು ಆಯ್ಕೆಯಾಗಿದ್ದಳು. ಐದು ವಾರದಲ್ಲಿ ವೈದ್ಯಕೀಯ ತಪಾಸಣೆ. ಅಲ್ಲಿ ಎರಡೂ ಕಿವಿಯನ್ನು ಬೇರೆ ಬೇರೆಯಾಗಿ ನೋಡುತ್ತಾರೆ, ಒಂದು ಕಿವಿ ನಿಗದಿತ ಗೆರೆ ದಾಟಿದರೂ ಕೆಲಸ ಇಲ್ಲ. ಎರಡನೆಯದು, ಎಡಗಿವಿಯಲ್ಲಿ ಮೂರು ತಿಂಗಳಿಂದ ಒಂದು ಸದ್ದು. ದಿಂಬಿಗೆ ತಲೆ ಇಟ್ಟರೆ ಎಲ್ಲೋ ದೂರದ ಮನೆಯಲ್ಲಿ ಕುಕ್ಕರ್ ಕೂಗಿ ಕೂಗಿ ಯಾರೂ ಇಳಿಸದ ಹಾಗೆ. ಆ ಕಿವಿಗೆ ಫೋನ್ ಹಿಡಿದರೆ ಮಾತು ಕೇಳಿಸುತ್ತದೆ, ಆದರೆ ಸ, ಶ, ತ ಎಲ್ಲ ಕಲಸಿಹೋಗುತ್ತವೆ ಎಂದಳು.

ಆ ಕೆಲಸವೇ ಯಾಕೆ ಎಂದು ಮಾತಿಗೆ ಕೇಳಿದೆ. ಅವಳ ತಾತ ಮನೆಯಲ್ಲೇ ಕುಸಿದು ಬಿದ್ದ ದಿನ ಫೋನಿನ ಆ ತುದಿಯಲ್ಲಿದ್ದ ಹೆಂಗಸು ಆಂಬುಲೆನ್ಸ್ ಬಾಗಿಲಿಗೆ ಬರುವವರೆಗೂ ಲೈನ್ ಬಿಡದೆ ಒಂದೊಂದೇ ಹೇಳಿಕೊಡುತ್ತಿದ್ದಳಂತೆ. ತಾತ ಉಳಿಯಲಿಲ್ಲ. ‘ಆದ್ರೆ ಆವತ್ತು ನಮ್ಮನೇಲಿ ಕೈಕಾಲು ಆಡ್ತಿದ್ದದ್ದು ಆ ದನಿಯಿಂದಾನೇ ಮೇಡಂ. ನಾನೂ ಆ ಕುರ್ಚೀಲಿ ಕೂರ್ಬೇಕು’ ಎಂದಳು.

ಫಾರಂ ತುಂಬಿದ್ದಾಯಿತು. ಹನ್ನೊಂದನೆಯ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದ್ದಳು. ಬೂತಿಗೆ ಕಳಿಸಿ ಪರೀಕ್ಷೆ ಮಾಡಿದೆ. ಬಲಗಿವಿ ಹಾಲಿನಂತಿತ್ತು, ಎಲ್ಲ ಸದ್ದಿಗೂ ಹತ್ತು, ಹದಿನೈದು ಡೆಸಿಬಲ್. ಎಡಗಿವಿಯ ಗೆರೆ ಎರಡು ಸಾವಿರ ಹರ್ಟ್ಸ್‌ವರೆಗೆ ನೆಟ್ಟಗೆ ಬಂದು, ಮೂರು ಸಾವಿರಕ್ಕೆ ಮೂವತ್ತೈದಕ್ಕೂ ನಾಲ್ಕು ಸಾವಿರಕ್ಕೆ ಐವತ್ತಕ್ಕೂ ಇಳಿದು, ಎಂಟು ಸಾವಿರಕ್ಕೆ ಮತ್ತೆ ಮೇಲೆದ್ದಿತ್ತು. ನಾಲ್ಕು ಸಾವಿರದ ಆ ಕಚ್ಚು ನನಗೆ ಹಳೆಯ ಪರಿಚಯ. ಗರುಡಾಚಾರ್‌ಪಾಳ್ಯದ ಕಾರ್ಖಾನೆಗಳಿಂದ ಬರುವ, ತಗಡು ಒತ್ತುವ ಪ್ರೆಸ್ ಕೆಲಸದವರಲ್ಲಿ ಎಷ್ಟೋ ಸಲ ನೋಡಿದ್ದೇನೆ. ಜೋರು ಸದ್ದು ತಿಂದ ಕಿವಿಯ ಗುರುತು ಅದು. ಆದರೆ ಅವರಿಗೆ ಸಾಮಾನ್ಯವಾಗಿ ಎರಡೂ ಕಿವಿಯಲ್ಲಿ ಇರುತ್ತದೆ. ಇವಳಿಗೆ ಒಂದರಲ್ಲಿ ಮಾತ್ರ.

ನಾನು ಮತ್ತೆ ಕೇಳಿದೆ. ಕಾರ್ಖಾನೆ? ಇಲ್ಲ. ಪಟಾಕಿ, ಕೆನ್ನೆಗೆ ಏಟು? ಇಲ್ಲ. ಹಾಡು ಕೇಳುವ ಅಭ್ಯಾಸ? ಇಲ್ಲ ಮೇಡಂ. ಸ್ವಲ್ಪವೂ? ಅಜ್ಜಿ ನಡುವೆ ಬಾಯಿ ಹಾಕಿ, ಈ ಹುಡುಗಿಗೆ ಹಾಡು ಪಾಡು ಯಾವ ಶೋಕಿಯೂ ಇಲ್ಲ, ಓದು ಬಿಟ್ಟರೆ ನೀರಿನ ಮೋಟರು, ಮೋಟರು ಬಿಟ್ಟರೆ ಓದು ಎಂದು ಸಾಕ್ಷಿ ಹೇಳಿದರು.

ಒಂದೇ ಕಿವಿ ಕಾರಣವಿಲ್ಲದೆ ಇಳಿದರೆ, ಅದರಲ್ಲೇ ಸದ್ದೂ ಬರುತ್ತಿದ್ದರೆ, ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಂಟು ಬೆಳೆದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ಎಂಆರ್‌ಐ ಬೇಕು. ನಮ್ಮ ಇಎನ್‌ಟಿ ಡಾಕ್ಟರು ಕಿವಿಯೊಳಗೆ ನೋಡಿ, ತಮಟೆ ಚೆನ್ನಾಗಿದೆ ಎಂದು ಹೇಳಿ, ಎಂಆರ್‌ಐಗೆ ಬರೆದುಕೊಟ್ಟರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನದ ನಂತರ ಸಮಯ ಸಿಕ್ಕಿತು.

ಗಂಟು ಎಂಬ ಪದವನ್ನು ಎಷ್ಟು ಮೆಲ್ಲಗೆ ಹೇಳಿದರೂ ಕೇಳುವವರಿಗೆ ಮೆಲ್ಲಗೆ ಕೇಳಿಸುವುದಿಲ್ಲ. ಚೈತ್ರಾ ಚೀಟಿ ಮಡಿಸಿ ಚೀಲದಲ್ಲಿಟ್ಟುಕೊಂಡು ತಪಾಸಣೆಗೆ ಇನ್ನು ಎಷ್ಟು ದಿನ ಎಂದು ಬೆರಳೆಣಿಸಿದಳು. ಅಜ್ಜಿ ಅವಳನ್ನು ಬಾಗಿಲಾಚೆ ಕಳಿಸಿ ಹಿಂತಿರುಗಿ ಬಂದರು. ಅಷ್ಟು ದೊಡ್ಡ ದನಿಯವರು ಆಗ ಪಿಸುಗುಟ್ಟಿದರು.

‘ಆ ಕೆಲ್ಸ ಹೋದ್ರೆ ಹೋಗ್ಲಿ ತಾಯಿ. ತಲೇಲಿ ಏನೂ ಇಲ್ಲ ಅಂತ ಒಂದು ಮಾತು ಹೇಳ್ಬಿಡಿ, ಮನೆಗೋಯ್ತೀನಿ.’

ಹೇಳುವ ಹಾಗಿರಲಿಲ್ಲ. ಹೆಚ್ಚಿನಂಶ ಏನೂ ಇರುವುದಿಲ್ಲ ಅಮ್ಮಾ ಎಂದೆ. ಹೆಚ್ಚಿನಂಶ ಎನ್ನುವ ಮಾತು ಹಿಡಿದುಕೊಂಡು ಒಂಬತ್ತು ದಿನ ಕಳೆಯುವುದು ಹೇಗಿರುತ್ತದೆ ಎಂದು ನಮ್ಮಂಥವರು ಯೋಚಿಸುವುದು ಕಡಿಮೆ. ಆ ಒಂಬತ್ತು ದಿನವೂ ಅಜ್ಜಿ ಬೆಳಿಗ್ಗೆ ಬಸ್ಸು ಹತ್ತಿ ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗಿ ಬರುತ್ತಿದ್ದರಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಮೊಣಕಾಲಿಗೆ ಎಣ್ಣೆ ತರಲು ಎಂದು ಸುಳ್ಳು.

ಎಂಆರ್‌ಐ ಸ್ವಚ್ಛವಾಗಿ ಬಂತು. ಗಂಟಿಲ್ಲ, ಏನಿಲ್ಲ. ಹಾಗಾದರೆ ಎಡಗಿವಿ ಇಳಿದದ್ದು ಯಾಕೆ? ಹದಿಮೂರನೆಯ ದಿನ ಇನ್ನೊಮ್ಮೆ ಪರೀಕ್ಷೆಗೆ ಕರೆಸಿದೆ. ಈ ಸಲವೂ ಅಜ್ಜಿ ಜೊತೆಗೆ ಬಂದಿದ್ದರು. ನಾನು ಇನ್ನೊಬ್ಬರ ವರದಿ ಬರೆಯುತ್ತಿದ್ದಾಗ ನಮ್ಮ ಅಟೆಂಡರ್ ಶಾಹೀನ್ ಬಂದು, ‘ಮೇಡಂ, ಆ ಕಗ್ಗದಾಸಪುರದ ಹುಡುಗಿ ತನ್ನಷ್ಟಕ್ಕೆ ಏನೋ ಮಾತಾಡ್ಕೊಂಡು ಕೂತವ್ರೆ. ಭಯ ಬಿದ್ದಿದಾರೇನೋ, ಸ್ವಲ್ಪ ನೋಡಿ’ ಎಂದಳು.

ಹೊರಗೆ ಬಂದು ನೋಡಿದೆ. ಚೈತ್ರಾ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಬಲಗಡೆ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದ್ದಳು, ಎಡಗಡೆ ಇಳಿಬಿಟ್ಟಿದ್ದಳು. ಹೆಸರು ಹಿಡಿದು ಕರೆದೆ. ತಟ್ಟನೆ ಎದ್ದು ಎಡಗಿವಿಯಿಂದ ಕಡಲೆಬೀಜದಷ್ಟಿದ್ದ ಇಯರ್‌ಬಡ್ ತೆಗೆದಳು.

‘ಇಯರ್‌ಫೋನ್ ಅಭ್ಯಾಸ ಇಲ್ಲ ಅಂದಿದ್ದೆಯಲ್ಲಮ್ಮಾ?’

‘ನೀವು ಹಾಡು ಕೇಳ್ತೀಯಾ ಅಂದ್ರಿ ಮೇಡಂ. ನಾನು ಹಾಡು ಕೇಳಲ್ಲ. ಇದು ಪಾಠ.’

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆ ಬೆಂಚಿನ ಮೇಲೆ ಅವಳ ಪಕ್ಕ ಕೂತೆ. ಒಂದೊಂದಾಗಿ ಕೇಳುತ್ತಾ ಹೋದೆ.

ಡಿಗ್ರಿ ಮುಗಿದ ಮೇಲೆ ಎರಡು ವರ್ಷದಿಂದ ಅವಳು ಪರೀಕ್ಷೆಗಳಿಗೆ ಓದುತ್ತಿದ್ದಳು. ಈ ಕೆಲಸ ಸಿಕ್ಕ ಮೇಲೂ ಅದರ ಮೇಲಿನ ಹುದ್ದೆಯ ಪರೀಕ್ಷೆಗೆ ಓದು ನಿಲ್ಲಿಸಿರಲಿಲ್ಲ. ಪಾಠಗಳೆಲ್ಲ ಮೊಬೈಲಿನಲ್ಲಿ. ಬೆಳಿಗ್ಗೆ ಐದೂವರೆಗೆ ಕಿವಿಗೆ ಹಾಕಿದರೆ ಅಡುಗೆಮನೆ, ಬಸ್ಸು, ಇಂದಿರಾನಗರದ ಲೈಬ್ರರಿ, ಮತ್ತೆ ಬಸ್ಸು, ಬಟ್ಟೆ ಒಗೆಯುವುದು, ಎಲ್ಲ ಪಾಠದ ಜೊತೆಗೇ. ಮಲಗುವಾಗ ರಿವಿಷನ್ ಹಾಕಿಕೊಂಡು ಹಾಗೇ ನಿದ್ದೆ. ದಿನಕ್ಕೆ ಹತ್ತು ಗಂಟೆಗೆ ಕಡಿಮೆ ಇಲ್ಲ.

ಒಂದೇ ಕಿವಿಗೆ ಯಾಕೆ ಎಂದೆ. ಅವಳು ಇಯರ್‌ಬಡ್‌ನ ಪೆಟ್ಟಿಗೆ ತೆರೆದು ತೋರಿಸಿದಳು. ಎಡಗಡೆಯದು ಸವೆದು ಹಳದಿಯಾಗಿತ್ತು. ಬಲಗಡೆಯದರ ಮೇಲೆ ಅಂಗಡಿಯ ತೆಳು ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು.

‘ಬಲಗಿವಿ ಮನೇಗೆ ಮೇಡಂ. ಅಜ್ಜಿ ಒಂದ್ಸಲ ಕರೆದ್ರೆ ಓಗೊಡ್ಬೇಕು. ಎರಡನೇ ಸಲ ಕರೆಸ್ಕೊಂಡ್ರೆ ಕಥೆ ಮುಗೀತು. ಬಾಡಿಗೆಯೋರು ಕೆಳಗಿಂದ ಕೂಗ್ತಾರೆ. ಟ್ಯಾಂಕ್ ತುಂಬಿ ನೀರು ಚೆಲ್ಲೋ ಸದ್ದು ಕೇಳಿದ ತಕ್ಷಣ ಮೋಟರ್ ಆಫ್ ಮಾಡ್ಬೇಕು. ಎರಡೂ ಕಿವಿಗೆ ಹಾಕ್ಕೊಂಡ್ರೆ ನಮ್ಮನೇಲಿ ಆಗಲ್ಲ.’

ಅಷ್ಟೇ ಅಲ್ಲ, ಒಂದೇ ಕಿವಿಗೆ ಹಾಕಿದರೆ ಅರ್ಧ ಮಾತ್ರ ತೊಂದರೆ ಎಂಬ ಲೆಕ್ಕವೂ ಅವಳಲ್ಲಿತ್ತು. ಆಗುವುದು ಅದರ ತದ್ವಿರುದ್ಧ. ತೆರೆದಿಟ್ಟ ಬಲಗಿವಿಯಿಂದ ಪಕ್ಕದ ಸೈಟಿನ ಡ್ರಿಲ್ಲಿಂಗು, ಬಸ್ಸಿನ ಎಂಜಿನ್ನು, ತಲೆಯ ಮೇಲೆ ಹಾರುವ ವಿಮಾನ ಎಲ್ಲ ಒಳಗೆ ಬರುತ್ತವೆ. ಅವನ್ನು ಮೀರಿಸಿ ಪಾಠ ಕೇಳಬೇಕೆಂದರೆ ಎಡಗಿವಿಯ ವಾಲ್ಯೂಮ್ ಏರಿಸಲೇಬೇಕು. ಎರಡು ಕಿವಿಯ ಕೂಲಿಯನ್ನು ಒಂದೇ ಕಿವಿ ಮಾಡುತ್ತಿತ್ತು.

ಅವಳು ಬಸ್ಸಿನಲ್ಲಿ ಇಟ್ಟುಕೊಳ್ಳುವ ವಾಲ್ಯೂಮ್ ಎಷ್ಟೋ ಅಷ್ಟಕ್ಕೇ ಇಟ್ಟು, ಇಯರ್‌ಬಡ್ ಅನ್ನು ನಮ್ಮ ಸೌಂಡ್ ಲೆವೆಲ್ ಮೀಟರಿಗೆ ಜೋಡಿಸಿದೆ. ತೊಂಬತ್ನಾಲ್ಕು ಡೆಸಿಬಲ್. ನಮ್ಮ ಕೆಲಸದಲ್ಲಿ ಒಂದು ಲೆಕ್ಕವಿದೆ. ಎಂಬತ್ತೈದು ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು. ಅಲ್ಲಿಂದ ಪ್ರತಿ ಮೂರು ಡೆಸಿಬಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ. ತೊಂಬತ್ನಾಲ್ಕಕ್ಕೆ ಬಂದರೆ ಉಳಿಯುವುದು ಒಂದೇ ಗಂಟೆ. ಇವಳು ಬಸ್ಸಿನಲ್ಲೇ ದಿನಕ್ಕೆ ಎರಡು ಗಂಟೆ ಕೂರುತ್ತಿದ್ದಳು.

‘ಇಯರ್‌ಫೋನಿಂದ ಕಿವಿ ಹಾಳಾಗುತ್ತೆ ಅಂತ ಯಾರೂ ಹೇಳಿರಲಿಲ್ವಾ?’ ಎಂದು ಕೇಳಿದೆ.

ಅವಳು ನೆಲ ನೋಡುತ್ತಾ ನಕ್ಕಳು. ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಅದೇ ವಿಷಯದ ಪೋಸ್ಟರ್ ಬರೆದು ಬಹುಮಾನ ತೆಗೆದುಕೊಂಡಿದ್ದವಳು ಅವಳೇ. ದೊಡ್ಡ ಹೆಡ್‌ಫೋನ್ ಹಾಕಿಕೊಂಡು ತಲೆ ಕುಣಿಸುವ ಹುಡುಗ, ಅವನ ಕಿವಿಯಿಂದ ಹೊಗೆ. ‘ಅದು ಡಿಜೆ ಹಾಡು ಕೇಳೋ ಹುಡುಗ್ರಿಗೆ ಅಂದ್ಕೊಂಡಿದ್ದೆ. ಪಾಠ ಕೇಳೋದು ಒಳ್ಳೇದಲ್ವಾ ಮೇಡಂ?’

ಅವಳ ಪೋಸ್ಟರಿನಲ್ಲಿದ್ದ ತಪ್ಪೇ ನನ್ನ ಫಾರಂನಲ್ಲೂ ಇತ್ತು. ಅವಳದಾದರೂ ನಾಲ್ಕು ವರ್ಷ ಹಳೆಯದು, ನನ್ನದು ಮೂವತ್ತು ವರ್ಷದ್ದು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಲು ನನಗೇ ಅಳುಕು. ಮೊದಲ ದಿನವೂ ಬೂತಿಗೆ ಹೋಗುವ ತನಕ ಹೀಗೇ ಕೇಳುತ್ತಿದ್ದೆಯಾ? ‘ಹೂಂ ಮೇಡಂ. ನೀವು ಕರೆಯೋವರೆಗೂ.’

ಜೋರು ಸದ್ದು ಕೇಳಿದ ಕಿವಿ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ, ದಣಿದಿರುತ್ತದೆ. ಆ ದಣಿವು ಇಳಿಯುವ ಮುಂಚೆ ಅಳೆದರೆ ಇಲ್ಲದ ನಷ್ಟವೂ ಕಾಣಿಸುತ್ತದೆ. ಅದಕ್ಕೇ ಕಾರ್ಖಾನೆಯವರನ್ನು ನಾವು ಸೋಮವಾರ ಬೆಳಿಗ್ಗೆಯೇ, ಭಾನುವಾರದ ವಿಶ್ರಾಂತಿಯ ಮೇಲೆ, ಶಿಫ್ಟ್ ಶುರುವಾಗುವ ಮೊದಲು ಕರೆಸುತ್ತಿದ್ದೆವು. ಆ ನಿಯಮವನ್ನು ನಾನೇ ಗೋಡೆಗೆ ಅಂಟಿಸಿದ್ದೆ. ಆದರೆ ಮುಖ ತೊಳೆದು ಕುಂಕುಮವಿಟ್ಟುಕೊಂಡು ಅಜ್ಜಿಯ ಜೊತೆ ಬಂದ ಹುಡುಗಿಯ ಕಿವಿ ಶಿಫ್ಟಿನಿಂದಲೇ ನೇರವಾಗಿ ಬಂದಿದೆ ಎಂದು ನನಗೆ ಹೊಳೆದಿರಲಿಲ್ಲ. ಎಂಆರ್‌ಐ ಹೇಗೂ ಬೇಕಿತ್ತು, ಒಂದೇ ಕಿವಿ ಇಳಿದಿದ್ದಾಗ ಬಿಡುವ ಹಾಗಿಲ್ಲ ಎಂದು ಡಾಕ್ಟರು ನನ್ನನ್ನು ಸಮಾಧಾನ ಮಾಡಿದರು. ಇರಬಹುದು. ಆದರೆ ಕಾರಣ ಮೊದಲೇ ತಿಳಿದಿದ್ದರೆ ಆ ಒಂಬತ್ತು ದಿನದ ಭಯ ಅಷ್ಟು ಗಾತ್ರದ್ದಾಗಬೇಕಿರಲಿಲ್ಲ. ಅಜ್ಜಿ, ಮೊಮ್ಮಗಳು ಇಬ್ಬರಿಗೂ ನನ್ನ ತಪ್ಪು ಹೇಳಿ ಕ್ಷಮೆ ಕೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡರು.

ಆ ದಿನ ಪರೀಕ್ಷೆ ಮಾಡಲಿಲ್ಲ. ಬದಲಿಗೆ ಕಿವಿಯ ಚಿತ್ರ ತೆಗೆದು ಅಜ್ಜಿಗೆ ವಿವರಿಸಿದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗ, ಅದರೊಳಗೆ ಪೈರಿನ ಸಾಲಿನಂತೆ ನಿಂತ ಸಣ್ಣ ಸಣ್ಣ ಕೂದಲಿನ ಕೋಶಗಳು. ಸದ್ದು ಬಂದರೆ ಬಾಗುತ್ತವೆ, ಹೋದರೆ ಏಳುತ್ತವೆ. ಹಾಡೋ, ಪಾಠವೋ, ದೇವರನಾಮವೋ ಅವಕ್ಕೆ ಗೊತ್ತಿಲ್ಲ. ಎಷ್ಟು ಜೋರು, ಎಷ್ಟು ಹೊತ್ತು, ಅಷ್ಟೇ ಗೊತ್ತು. ಅಜ್ಜಿ ಚಿತ್ರವನ್ನು ಬಹಳ ಹೊತ್ತು ನೋಡಿದರು.

‘ಒಂದಿನ ತುಳಿದ್ರೆ ರಾಗಿ ಪೈರು ಸಂಜೀಗೆ ಎದ್ದು ನಿಂತ್ಕೋತದೆ ತಾಯಿ. ದಿನಾ ಅಲ್ಲೇ ತುಳಿದ್ರೆ ಕಾಲುದಾರಿ ಆಗೋಯ್ತದೆ. ಕಾಲುದಾರೀಲಿ ಯಾರು ಬೆಳೆ ತೆಗೆದವ್ರೆ?’

ಮೂವತ್ತು ವರ್ಷ ನಾನು ವಿದ್ಯಾರ್ಥಿಗಳಿಗೆ ಅರ್ಧ ಗಂಟೆ ಹೇಳುತ್ತಿದ್ದ ಪಾಠ ಅಷ್ಟರಲ್ಲಿ ಮುಗಿಯಿತು. ಎಷ್ಟು ಪೈರು ಎದ್ದೀತು, ಎಷ್ಟು ದಾರಿಯಾಗಿದೆ ಎಂದು ತಿಳಿಯಲು ಒಂದೇ ಉಪಾಯ, ಕಿವಿಗೆ ರಜೆ. ತಪಾಸಣೆಗೆ ಇಪ್ಪತ್ತೆರಡು ದಿನವಿತ್ತು. ಹದಿನೆಂಟು ದಿನ ಇಯರ್‌ಬಡ್ ಮುಟ್ಟಬಾರದು ಎಂದೆ.

‘ಮತ್ತೆ ಓದೋದು ಹೇಗೆ ಮೇಡಂ?’ ಎಂದು ಚೈತ್ರಾ ಮುಖ ಸಣ್ಣ ಮಾಡಿದಳು.

ಆಗ ಅಜ್ಜಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ‘ಗಟ್ಟಿಯಾಗಿ ಓದು, ನಾನು ಕೂತ್ಕೋತೀನಿ. ಮೋಟರು ನಾನ್ ನೋಡ್ಕೋತೀನಿ. ಒಂದು ಕಿವಿ ನಮಗೇಂತ ಮಡಗಿದ್ದೆ, ನಮಗ್ ಗೊತ್ತೇ ಆಗ್ಲಿಲ್ವಲ್ಲೋ ಮಗಾ.’

ಹದಿನೆಂಟು ದಿನವೂ ಸಂಜೆ ತಾರಸಿಯ ಮೇಲೆ ಅಜ್ಜಿ ಬೆಳ್ಳುಳ್ಳಿಯೋ ಸೊಪ್ಪೋ ಬಿಡಿಸುತ್ತ ಕೂರುವುದು, ಮೊಮ್ಮಗಳು ಟಿಪ್ಪಣಿ ಗಟ್ಟಿಯಾಗಿ ಓದುವುದು ನಡೆಯಿತಂತೆ. ಬಾಡಿಗೆಯವರ ಮಕ್ಕಳೂ ಮೆಟ್ಟಿಲ ಮೇಲೆ ಬಂದು ಕೂರತೊಡಗಿದರು. ರಾಜ್ಯಪಾಲರಿಗೆ ಏನೇನು ಅಧಿಕಾರ ಇದೆ ಎಂದು ಈಗ ಅಜ್ಜಿಗೆ ಬಾಯಿಪಾಠ, ಬೀದಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಾಳೆ ಎಂದು ಚೈತ್ರಾ ದೂರಿದಳು. ಟ್ಯಾಂಕು ಎರಡು ಸಲ ತುಂಬಿ ಚೆಲ್ಲಿತು. ಯಾರೂ ಯಾರನ್ನೂ ಬೈಯಲಿಲ್ಲ.

ಹತ್ತೊಂಬತ್ತನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿಯೆಲ್ಲ ಮೌನದಲ್ಲಿದ್ದ ಕಿವಿಯ ಜೊತೆ ಬಂದಳು. ಬೂತಿನ ಗಾಜಿನಾಚೆ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ನಾಲ್ಕು ಸಾವಿರ ಹರ್ಟ್ಸ್ ಐವತ್ತರಲ್ಲಿ ಒತ್ತಿದಳು. ನಲವತ್ತೈದು, ಒತ್ತಿದಳು. ನಲವತ್ತು, ಮೂವತ್ತೈದು, ಒತ್ತಿದಳು. ಮೂವತ್ತಕ್ಕೆ ಒಂದು ಕ್ಷಣ ತಡೆದು ಒತ್ತಿದಳು. ಇಪ್ಪತ್ತೈದಕ್ಕೆ ಬೆರಳು ಅಲ್ಲಾಡಲಿಲ್ಲ. ಮೂರು ಸಲ ಕಳಿಸಿದೆ, ಅಲ್ಲಾಡಲಿಲ್ಲ. ಇಪ್ಪತ್ತು ಡೆಸಿಬಲ್ ಮರಳಿ ಬಂದಿತ್ತು. ಉಳಿದದ್ದು ಕಾಲುದಾರಿ.

ಅದನ್ನು ಮುಚ್ಚಿಡದೆ ಹೇಳಿದೆ. ಹೋದ ಕೋಶ ಮತ್ತೆ ಹುಟ್ಟುವುದಿಲ್ಲ, ಆ ಕುಕ್ಕರ್ ಸದ್ದು ಇಳಿದಿದ್ದರೂ ಪೂರ್ತಿ ಹೋಗದಿರಬಹುದು. ಉಳಿದದ್ದನ್ನು ಕಾಯ್ದುಕೊಳ್ಳುವುದು ಅವಳ ಕೈಯಲ್ಲಿದೆ. ತಪಾಸಣೆಯಲ್ಲಿ ಎಡಗಿವಿ ಗೆರೆಯೊಳಗೇ ನಿಂತಿತು, ಕೂದಲೆಳೆಯ ಅಂತರದಲ್ಲಿ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಬೇಕು ಎಂಬ ಷರತ್ತಿನ ಮೇಲೆ ಕೆಲಸ ಕೊಟ್ಟರು. ಅಲ್ಲಿಯೂ ಹೆಡ್‌ಸೆಟ್ಟೇ. ಆದರೆ ಜೋರು ಸದ್ದನ್ನು ತಾನೇ ತಡೆಯುವಂಥದ್ದು, ಎರಡೂ ಕಿವಿಗೆ. ಪಾಳಿಯ ನಡುವೆ ಹತ್ತು ನಿಮಿಷ ತೆಗೆದಿಡುವ ಕ್ರಮವೂ ಇತ್ತು.

ನಾನು ನಿವೃತ್ತಳಾಗುವ ತಿಂಗಳು ಅವಳು ವಾರ್ಷಿಕ ಪರೀಕ್ಷೆಗೆ ಬಂದಳು. ಅಂಕಿ ಹಾಗೇ ನಿಂತಿತ್ತು. ಸದ್ದು ಹೋಗಿಲ್ಲ ಮೇಡಂ, ಜೊತೇಲೇ ಇದೆ ಎಂದಳು. ಆಮೇಲೆ, ‘ಕೆಲವರು ಫೋನ್ ಮಾಡ್ತಾರೆ, ಮಾತಾಡೋಕೇ ಆಗಲ್ಲ. ಬರೀ ಉಸಿರು. ಅದು ಕೇಳಿಸಿದ್ರೆ ಸಾಕು, ನಾನು ಲೈನ್ ಬಿಡಲ್ಲ’ ಎಂದಳು.

ಹಳೆಯ ಫಾರಂ ಅವಳ ಮುಂದಿಟ್ಟು, ಹನ್ನೊಂದನೆಯ ಪ್ರಶ್ನೆಯನ್ನು ಹೇಗೆ ಕೇಳಿದ್ದರೆ ಆವತ್ತು ನಿಜ ಹೇಳುತ್ತಿದ್ದೆ ಎಂದೆ. ನಾನು ಸುಳ್ಳು ಹೇಳಿರಲಿಲ್ಲವಲ್ಲ ಎಂದು ಮೊದಲು ತಿದ್ದಿದಳು, ಅದೂ ಸರಿಯೇ. ಆಮೇಲೆ ಪೆನ್ನು ತೆಗೆದುಕೊಂಡು ಸಾಲನ್ನು ಹೊಡೆದು ಹಾಕಿ ಕೆಳಗೆ ಬರೆದಳು: ‘ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ನಿಮ್ಮ ಯಾವ ಕಿವಿ ಯಾವಾಗ ಖಾಲಿ ಇರುತ್ತದೆ?’

ಕೇಳುವುದನ್ನು ಅಳೆಯುವವಳಿಗೆ ಕೇಳುವುದನ್ನು ಕಲಿಸಿದ ಸಾಲು ಅದು. ಆ ಆಸ್ಪತ್ರೆಯ ಫಾರಂನಲ್ಲಿ ಈಗಲೂ ಇದೆ. ನಾನಿದ್ದ ಕೊನೆಯ ವಾರ ಅದಕ್ಕೆ ಉತ್ತರ ಬರೆಯಲು ಕೂತ ಮೊದಲ ಹುಡುಗ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ, ‘ಸ್ನಾನ ಮಾಡುವಾಗ’ ಎಂದು ಬರೆದ. ಇನ್ನೂ ಸ್ವಲ್ಪ ಯೋಚಿಸಿ ಅದನ್ನೂ ಹೊಡೆದು ಹಾಕಿದ. ಆಮೇಲೆ ತನ್ನ ಕಿವಿಯಲ್ಲಿದ್ದದ್ದನ್ನು ತಾನಾಗಿಯೇ ತೆಗೆದು ಜೇಬಿಗೆ ಹಾಕಿಕೊಂಡ.